ಎಂಜಿನ್‌ನಲ್ಲಿ ಬೋಲ್ಟ್ ಮುರಿದರೆ ತಕ್ಷಣ ಡ್ರಿಲ್ ಹಿಡೀಬೇಡಿ
ಸೈಲೆನ್ಸರ್ ಮ್ಯಾನಿಫೋಲ್ಡ್ ಬಿಚ್ಚುವಾಗ ನನ್ನ ಕಾರಲ್ಲಿ ಒಂದು ಬೋಲ್ಟಿನ ತಲೆ ಮುರಿದು, ಮಿಕ್ಕಿದ್ದು ಎಂಜಿನ್ ಹೆಡ್ಡಲ್ಲೇ ಉಳೀತು. ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ತುದಿ ಸ್ವಲ್ಪ ಹೊರಗಿತ್ತಲ್ಲ, ಎಣ್ಣೆ ಪೂರ್ತಿ ಒರೆಸಿ, ಬ್ಯಾಟರಿ ವೈರ್ ಕಳಚಿ, ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿದೆ. ಆ ಬಿಸಿಗೇ ತುಕ್ಕಿನ ಹಿಡಿತ ಸಡಿಲ ಆಗುತ್ತೆ. ಆರಿದ ಮೇಲೆ ಸ್ಪ್ಯಾನರಲ್ಲಿ ಹಿಂದೆ ಮುಂದೆ ಆಡಿಸಿದ್ರೆ ಕಿರ್ ಅಂತ, ಕೆಂಪು ಪುಡಿ ಉದುರಿಸ್ಕೊಂಡು ಬಂತು!

ಒಳಗೇ ಮುರಿದಿದ್ರೆ ಬೋಲ್ಟಿನ ಸರಿಯಾದ ಮಧ್ಯಕ್ಕೆ ಪಂಚಲ್ಲಿ ಗುರುತು ಹೊಡೆದು, ಎಡಕ್ಕೆ ತಿರುಗೋ ಡ್ರಿಲ್ ಬಿಟ್ ಬಳಸಿ, ಕೊರೆಯುವಾಗಲೇ ಬೋಲ್ಟ್ ಬಿಚ್ಚಿಕೊಂಡು ಬರಬಹುದು. ಆ ಬಿಟ್‌ಗೆ ಬೆಂಗಳೂರಿನ ಎಸ್‌ಪಿ ರೋಡ್ ಕಡೆ ವಿಚಾರಿಸಿ. ಕೊರೆದ ತೂತಿಗೆ ಹಾಕಿ ಮುರಿದ ಬೋಲ್ಟ್ ತಿರುಗಿಸಿ ತೆಗೆಯೋ ಈಜಿ ಔಟ್ ಅನ್ನೋ ಟೂಲ್ ಮೇಲೆ ಮಾತ್ರ ಜೋರು ಮಾಡ್ಬೇಡಿ. ಅದು ಗಟ್ಟಿ ಉಕ್ಕು, ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಕೊರೆಯೋದೇ ಇಲ್ಲ.