ಹಳೇ ಟೇಬಲ್ ಸಾಗೆ ಪಾರ್ಟ್ಸ್ ಹುಡುಕಿದ ಕತೆ

ನಂಜನಗೂಡು ಕಡೆ ಮುಚ್ಚಿಹೋದ ಒಂದು ಸಾ ಮಿಲ್ಲಿನಿಂದ ಹಳೇ ಟೇಬಲ್ ಸಾ, ಅಂದರೆ ಮೇಜಿನ ಗರಗಸ, ತಂದೆ. ಬೀಡಿನ (ಎರಕದ ಕಬ್ಬಿಣದ) ಬಾಡಿ, ಹತ್ತಿಂಚಿನ ಬ್ಲೇಡು. ಹೆಸರಿನ ತಗಡು ಯಾವಾಗಲೋ ಕಿತ್ತುಹೋಗಿದೆ. ಎರಕದಲ್ಲೇ ಮೂಡಿರುವ 'ಮೇಡ್ ಇನ್ ಇಂಗ್ಲೆಂಡ್' ಬಿಟ್ಟರೆ ಬೇರೆ ಗುರುತಿಲ್ಲ. ಮೇಲೆಲ್ಲ ತುಕ್ಕು, ಆದರೆ ಉದ್ದನೆ ಪಟ್ಟಿ ಇಟ್ಟು ನೋಡಿದರೆ ಟೇಬಲ್ ಎಲ್ಲೂ ಬಾಗಿರಲಿಲ್ಲ. ಅದಕ್ಕೇ ತಗೊಂಡೆ. ತುಕ್ಕು ಸೀಮೆಎಣ್ಣೆಗೂ ಎಮೆರಿ ಪೇಪರಿಗೂ ಹೋಗುತ್ತದೆ. ಟೇಬಲ್ ಸೊಟ್ಟ ಇದ್ದರೆ ಸುಮ್ನೆ ಬಿಟ್ಟು ಬರುವುದೇ ಒಳ್ಳೆಯದು.

ಬ್ಲೇಡ್ ಕೂರುವ ಶಾಫ್ಟ್ ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತಿತ್ತು. ಬೇರಿಂಗ್ ಬಿಚ್ಚಿದೆ, ಮೇಲಿನ ನಂಬರ್ ಸವೆದು ಹೋಗಿದೆ. ಮೈಸೂರಿನ ಒಂದು ಅಂಗಡಿಯಲ್ಲಿ ತೋರಿಸಿದರೆ ನೋಡಿದ ತಕ್ಷಣ 6205 ಅಂತ ಕೊಟ್ಟರು. ನಾನೂ ಅಳತೆ ಮಾಡದೆ ತಂದೆ. ಶಾಫ್ಟಿಗೆ ಹೋಗಲೇ ಇಲ್ಲ. ವಾಪಸ್ ತಗೊಳ್ಳುವುದಿಲ್ಲ ಅಂದರು, ಬೇಕಾದರೆ ಶಾಫ್ಟನ್ನೇ ಸ್ವಲ್ಪ ತೇಯಿಸಿಕೊಳ್ಳಿ ಅಂದರು. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಬೇರಿಂಗ್ ಇನ್ನೊಂದು ಸಿಗುತ್ತದೆ, ಶಾಫ್ಟ್ ಸಿಗುವುದಿಲ್ಲ.

ಆಮೇಲೆ ಮಂಡಿ ಮೊಹಲ್ಲಾದಲ್ಲಿ ಲೇತ್ ಇಟ್ಟಿರುವ ಒಬ್ಬ ಹಿರಿಯ ಭಾಯ್ ಹತ್ತಿರ ಹೋದೆ. ಅವರು ವರ್ನಿಯರ್ ಹಿಡಿದು ಒಳಗೆ, ಹೊರಗೆ, ಅಗಲ ಮೂರೂ ಅಳೆದರು. 25.4, 57.15, 15.88 ಮಿ.ಮೀ. "ಆಚಾರ್ರೇ, ಇದು ಮಿಲಿಮೀಟರ್ ಮಾಲಲ್ಲ. ಒಳಗೆ ಒಂದಿಂಚು, ಹೊರಗೆ ಎರಡೂಕಾಲು, ಅಗಲ ಐದು ನೂಲು" ಅಂದರು. ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. 6205ರ ಅಳತೆ 25, 52, 15. ಕಣ್ಣಿಗೆ ಒಳಗಿನ ತೂತು ಒಂದೇ ಥರ ಕಾಣುತ್ತದೆ, ಅಲ್ವಾ? ಆ 0.4 ಮಿ.ಮೀ.ನಲ್ಲೇ ನಾನು ಮೋಸಹೋಗಿದ್ದು. ಇಂಚಿನ ಅಳತೆಯ ಆ ಬೇರಿಂಗಿಗೆ ಆರ್‌ಎಲ್‌ಎಸ್ 8 ಅಂತ ನಂಬರ್ ಇದೆ, ಈಗಲೂ ತಯಾರಾಗುತ್ತದೆ. ಮೈಸೂರಲ್ಲಿ ನನಗೆ ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದ ಮೇಲೆ ಜೋಡಿ ಸಿಕ್ಕಿತು. ಕೂರಿಸುವಾಗ ಒಳಗಿನ ರಿಂಗಿಗೆ ಮಾತ್ರ ತಾಗುವ ಪೈಪ್ ಇಟ್ಟು ತಟ್ಟಿ. ಹೊರಗಿನ ರಿಂಗಿಗೆ ಏಟು ಬಿದ್ದರೆ ಗುಂಡುಗಳ ಗುರುತು ದಾರಿಯ ಮೇಲೆ ಬಿದ್ದು ಹೊಸ ಬೇರಿಂಗೂ ಗರಗರ ಅನ್ನುತ್ತದೆ.

ಬೆಲ್ಟ್ ಸುಲಭ. ಹಳೇದರ ಮೇಲೆ ಎ 42 ಅಂತ ಇತ್ತು, ಅಂದರೆ ಎ ಸೈಜು, ಒಳಸುತ್ತು 42 ಇಂಚು. ಅಶೋಕ ರಸ್ತೆ ಕಡೆಯೇ ಸಿಕ್ಕಿತು. ಎರಡು ಬೆಲ್ಟಿನ ಪುಲ್ಲಿ ಆಗಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಬ್ಲೇಡ್ ಹಿಡಿಯುವ ನಟ್ಟೇ ಇರಲಿಲ್ಲ. ಶಾಫ್ಟಿನ ಥ್ರೆಡ್ಡಿಗೆ ಗೇಜ್ ಇಟ್ಟು ನೋಡಿದರೆ ಇಂಚಿಗೆ ಎಂಟು ಹಲ್ಲು, ಹಲ್ಲಿನ ಕೋನ 55 ಡಿಗ್ರಿ, ಸಾಲದ್ದಕ್ಕೆ ಎಡ ಥ್ರೆಡ್, ಅಂದರೆ ಉಲ್ಟಾ ತಿರುಗಿಸಿ ಬಿಗಿ ಮಾಡುವುದು. ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಆದರೆ ಭಾಯ್ ಅವರ ಲೇತೂ ಹಳೇದು, ಥ್ರೆಡ್ ಕಡೆಯುವಾಗ ಟೂಲನ್ನು ನಡೆಸುವ ಲೀಡ್ ಸ್ಕ್ರೂ ಇಂಚಿನದ್ದು. ಗೇರ್ ಬದಲಿಸಿ, ಟೂಲನ್ನು 55ಕ್ಕೆ ಸಾಣೆ ಹಿಡಿದು, ಒಂದು ಗಂಟೆಯಲ್ಲಿ ಕಡೆದು ಕೊಟ್ಟರು.

ನಿದ್ದೆ ಕೆಡಿಸಿದ್ದು ಬ್ಲೇಡ್ ಓರೆ ಮಾಡುವ ಅರೆಚಂದ್ರದ ಗೇರು. ಬೀಡಿನದು, ಮೂರು ಹಲ್ಲು ಮುರಿದಿದ್ದವು. ಬನ್ನಿಮಂಟಪ, ಮೇಟಗಳ್ಳಿ, ಮಂಡ್ಯದ ಗುಜರಿ ಎಲ್ಲಾ ನೋಡಿದೆ. ಇಂಥದ್ದಕ್ಕೆ ನಂಬರ್ ಇರುವುದಿಲ್ಲ, ಇನ್ನೊಂದು ಮಿಷನ್ನೇ ಸಿಗಬೇಕು. ಭಾಯ್ ಬೇರೆ ದಾರಿ ಹೇಳಿದರು. ಮುರಿದ ಪ್ರತಿ ಹಲ್ಲಿನ ಬುಡಕ್ಕೆ ಎರಡೆರಡು ತೂತು ಕೊರೆದು, ಟ್ಯಾಪ್ ಮಾಡಿ, ಸ್ಟೀಲ್ ಸ್ಕ್ರೂ ಗೂಟದ ಹಾಗೆ ನಿಲ್ಲಿಸಿದೆವು. ಇಡೀ ಗೇರನ್ನು ಇದ್ದಿಲ ಒಲೆಯಲ್ಲಿ ನಿಧಾನವಾಗಿ ಕಾಯಿಸಿ, ಗೂಟಗಳ ಸುತ್ತ ಹಿತ್ತಾಳೆ ಕಡ್ಡಿ ಕರಗಿಸಿ ತುಂಬಿ, ಬಿಸಿ ಇರುವಾಗಲೇ ಬೂದಿಯಲ್ಲಿ ಹೂತಿಟ್ಟು ಬೆಳಿಗ್ಗೆವರೆಗೂ ಮುಟ್ಟಲಿಲ್ಲ. ಬೀಡು ಬೇಗ ಆರಿದರೆ ಬಿರುಕು ಬಿಡುತ್ತದೆ. ಮಾರನೆ ದಿನ ಚೆನ್ನಾಗಿರುವ ಹಲ್ಲಿನ ಅಚ್ಚನ್ನು ತಗಡಿನಲ್ಲಿ ಕತ್ತರಿಸಿಕೊಂಡು ಅರ ಹಾಕಲು ಕೂತೆ. ಮಗಳ ಕಾಡಿಗೆ ಡಬ್ಬಿ ತಂದು, ಈ ಗೇರನ್ನು ತಿರುಗಿಸುವ ವರ್ಮಿಗೆ (ಸ್ಕ್ರೂ ಥರದ ಗೇರಿಗೆ) ಹಚ್ಚಿ ತಿರುಗಿಸುವುದು, ಹಿತ್ತಾಳೆ ಮೇಲೆ ಎಲ್ಲಿ ಕಪ್ಪು ಬಿತ್ತೋ ಅಷ್ಟೇ ಅರದಲ್ಲಿ ತೆಗೆಯುವುದು, ಮತ್ತೆ ಹಚ್ಚುವುದು. ಮೂರು ಹಲ್ಲಿಗೆ ಎರಡು ದಿನ ಹಿಡಿಯಿತು. ಈಗ ಹ್ಯಾಂಡಲ್ ಎಲ್ಲೂ ತಡೆಯದೆ 45 ಡಿಗ್ರಿವರೆಗೂ ಹೋಗುತ್ತದೆ, ಆ ಜಾಗ ಬಂದಾಗ ಕೈಗೆ ಗೊತ್ತೇ ಆಗುವುದಿಲ್ಲ. ನನಗೆ ಇಡೀ ಮಿಷನ್ನಿನಲ್ಲಿ ತುಂಬಾ ಇಷ್ಟವಾದ ಭಾಗ ಆ ಮೂರು ಹಳದಿ ಹಲ್ಲು.

ಇನ್ನೊಂದು ಪಾರ್ಟ್ ಇರಲಿಲ್ಲ, ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚದ ಹಾಗೆ ಅದರ ಹಿಂದೆ ನಿಲ್ಲುವ ಚಾಕು. ಅಡ್ಡ ಬರುತ್ತದೆ ಅಂತ ಯಾರೋ ಬಿಚ್ಚಿ ಎಸೆದಿರಬೇಕು. ಅದಿಲ್ಲದೆ ನಾನು ಸ್ವಿಚ್ ಹಾಕುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನನ್ನ ಬ್ಲೇಡಿನ ತಟ್ಟೆ 2.2 ಮಿ.ಮೀ. ದಪ್ಪ, ಸೀಳು ಬೀಳುವುದು 3.2. ಚಾಕು ತಟ್ಟೆಗಿಂತ ದಪ್ಪ, ಸೀಳಿಗಿಂತ ತೆಳ್ಳಗಿರಬೇಕು. ಗುಜರಿಯಲ್ಲಿ ದೊಡ್ಡ ಗರಗಸದ ಮುರಿದ ತಟ್ಟೆ 2.5 ಮಿ.ಮೀ.ದು ಸಿಕ್ಕಿತು. ಗ್ರೈಂಡರ್‌ನಲ್ಲಿ, ನೀರಲ್ಲಿ ಅದ್ದಿ ಅದ್ದಿ, ಬ್ಲೇಡಿನ ಸುತ್ತಿಗೆ ಸರಿಯಾಗಿ ಬಾಗು ಕೊಟ್ಟು, ಹಲ್ಲಿನಿಂದ ಐದು ಮಿ.ಮೀ. ದೂರದಲ್ಲಿ ಕೂರಿಸಿದೆ.

ಮೊದಲ ದಿನ ಸೀಳಿದ್ದು ಆರಡಿ ಹೊನ್ನೆ ಹಲಗೆ. ಅರ್ಧ ದಾಟಿದ ಮೇಲೆ ಸೀಳಿನ ಎರಡು ಕಡೆಯೂ ಒಳಕ್ಕೆ ಮುಚ್ಚಿಕೊಂಡು ಬಂದು ಚಾಕುವನ್ನು ಗಟ್ಟಿಯಾಗಿ ಕಚ್ಚಿದವು. ಬ್ಲೇಡನ್ನು ಮುಟ್ಟಲಿಲ್ಲ.