ಹಳೇ ಪಿಕಪ್‌ನಲ್ಲಿ ಇಗ್ನಿಷನ್ ಕಾಯಿಲ್ ಪದೇ ಪದೇ ಹೋಗ್ತಿದ್ರೆ, ಇನ್ನೊಂದು ಹಾಕೋ ಮುಂಚೆ ಇಷ್ಟು ನೋಡಿ

ಬ್ಯಾಟರಿ ವೋಲ್ಟೇಜನ್ನ ಪ್ಲಗ್‌ನಲ್ಲಿ ಕಿಡಿ ಹಾರ್ಸೋವಷ್ಟು ಏರ್ಸೋ ಈ ಕಾಯಿಲ್ ಒಂದ್ಸಲ ಹೋದ್ರೆ ವಯಸ್ಸಾಗಿತ್ತು ಹೋಯ್ತು ಅನ್ಬಹುದು, ಆದ್ರೆ ಹೊಸದು ಹಾಕಿ ಕೆಲವೇ ತಿಂಗಳಿಗೆ ಅದೂ ಹೋಯ್ತು ಅಂದ್ರೆ ಬೇರೆ ಏನೋ ಅದನ್ನ ಸುಡ್ತಿದೆ ಅಂತಾನೇ ಅರ್ಥ. ಅಗ್ಗದ ಡೂಪ್ಲಿಕೇಟ್ ಕಾಯಿಲ್ ಬೇಗ ಹೋಗೋದು ನಿಜ, ಆದ್ರೆ ಒಳ್ಳೆ ಕಂಪನಿದು ಹಾಕಿದ್ರೂ ಉಳೀತಿಲ್ಲ ಅಂದ್ರೆ ಕಾರಣ ಸಿಗೋವರೆಗೂ ಹೊಸ ಕಾಯಿಲ್‌ಗೆ ದುಡ್ಡು ಸುರೀಬೇಡಿ. ಸುಟ್ಟ ಕಾಯಿಲ್‌ನೂ ಎಸೀಬೇಡಿ, ಅರ್ಧ ಉತ್ತರ ಅದರಲ್ಲೇ ಇರುತ್ತೆ.

ಮೊದ್ಲು ಅದನ್ನ ಕೈಯಲ್ಲಿ ಹಿಡ್ಕೊಂಡು ಚೆನ್ನಾಗಿ ನೋಡಿ. ಮೈ ಉಬ್ಬಿದ್ರೆ, ಒಳಗಿನ ಎಪಾಕ್ಸಿ ಅಥವಾ ಎಣ್ಣೆ ಕರಗಿ ಹೊರಗೆ ಬಂದಿದ್ರೆ ಜಾಸ್ತಿ ಕರೆಂಟ್ ಹರಿದು ಬಿಸಿಯಾಗಿ ಸತ್ತಿದೆ. ಬೂಟ್ (ಪ್ಲಗ್ ಮೇಲೆ ಕೂರೋ ರಬ್ಬರ್ ಟೋಪಿ) ಮೇಲೆ, ಪ್ಲಗ್‌ನ ಪಿಂಗಾಣಿ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೆರೆ ಇದ್ರೆ ಕಿಡಿ ಹೋಗ್ಬೇಕಾದ ದಾರಿ ಬಿಟ್ಟು ಹೊರಗಡೆಯಿಂದ ಇಂಜಿನ್ ಬಾಡಿಗೆ ಹಾರ್ತಿದೆ. ಬೂಟ್ ಒಳಗೆ ಎಣ್ಣೆ ಇದ್ರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಅಥವಾ ಪ್ಲಗ್ ಟ್ಯೂಬ್ ಸೀಲ್ ಲೀಕ್, ರಬ್ಬರ್ ಎಣ್ಣೆಗೆ ಮೆತ್ತಗಾಗಿ ಇನ್ಸುಲೇಷನ್ ಹಾಳಾಗುತ್ತೆ, ಪ್ಯಾಕಿಂಗ್ ಹಾಕದೆ ಎಷ್ಟು ಕಾಯಿಲ್ ಹಾಕಿದ್ರೂ ಅಷ್ಟೇ. ಟರ್ಮಿನಲ್‌ನಲ್ಲಿ ಹಸಿರು ಕಿಲುಬು ಇದ್ರೆ ನೀರು ಒಳಗೆ ಹೋಗ್ತಿದೆ.

ಸಿಲಿಂಡರ್‌ಗೊಂದು ಕಾಯಿಲ್ ಇರೋ ಗಾಡಿ ಆದ್ರೆ ಮುಂದಿನ ಪ್ರಶ್ನೆ, ಯಾವಾಗ್ಲೂ ಅದೇ ಸಿಲಿಂಡರ್‌ದೇ ಹೋಗ್ತಿದ್ಯಾ ಅಥವಾ ಒಂದೊಂದ್ಸಲ ಒಂದೊಂದಾ? ಒಂದೇ ಜಾಗದ್ದು ಹೋಗ್ತಿದ್ರೆ ತೊಂದರೆ ಆ ಜಾಗದ್ದೇ, ಅಂದ್ರೆ ಆ ಪ್ಲಗ್, ಆ ಬೂಟ್, ಆ ಕನೆಕ್ಟರ್, ಆ ವೈರ್, ಇಲ್ಲಾಂದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಒಳಗೆ ಆ ಕಾಯಿಲ್ ಓಡಿಸೋ ಡ್ರೈವರ್ ಟ್ರಾನ್ಸಿಸ್ಟರ್. ಬೇರೆ ಬೇರೆ ಕಡೆದು ಹೋಗ್ತಿದ್ರೆ ಎಲ್ಲದಕ್ಕೂ ಸೇರಿದ್ದು ಅಂದ್ರೆ ಸಪ್ಲೈ, ಅರ್ಥ್, ಆಲ್ಟರ್ನೇಟರ್, ಎಲ್ಲಾ ಪ್ಲಗ್‌ಗಳ ಸವಕಲು, ಇವನ್ನ ನೋಡಿ. ಸ್ಕ್ಯಾನರ್ ಹಾಕೋಕೆ ಆಗೋ ಗಾಡಿಲಿ ಪಿ0301 ಕೋಡ್ ಅಂದ್ರೆ ಒಂದನೇ ಸಿಲಿಂಡರ್ ಮಿಸ್‌ಫೈರ್ (ಸರಿಯಾಗಿ ಉರೀದೆ ಮಿಸ್ಸಿಂಗ್ ಆಗೋದು), ಪಿ0302 ಎರಡನೇದು, ಹಾಗೇ ಮುಂದಕ್ಕೆ, ಪಿ0351ರಿಂದ ಶುರುವಾಗೋವು ಕಾಯಿಲ್ ಸರ್ಕ್ಯೂಟ್‌ದು. ಮಿಸ್ಸಿಂಗ್ ಇರೋ ಸಿಲಿಂಡರ್ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ, ಮಿಸ್ಸಿಂಗ್ ಕಾಯಿಲ್ ಜೊತೆಗೇ ಹೋದ್ರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದ್ರೆ ಕಾಯಿಲ್ ಮುಟ್ಬೇಡಿ.

ಪಾಯಿಂಟ್ (ಕಾಯಿಲ್ ಕರೆಂಟ್ ಕೊಟ್ಟು ಕಡಿಯೋ ಸ್ವಿಚ್) ಮತ್ತೆ ಡಿಸ್ಟ್ರಿಬ್ಯೂಟರ್ (ಕಿಡಿಯನ್ನ ಒಂದೊಂದು ಪ್ಲಗ್‌ಗೂ ಹಂಚೋದು) ಇರೋ ಇನ್ನೂ ಹಳೇ ಗಾಡಿಗಳಲ್ಲಿ ನನ್ನ ಮೊದಲ ಅನುಮಾನ ಯಾವಾಗ್ಲೂ ಬ್ಯಾಲಸ್ಟ್ ರೆಸಿಸ್ಟರ್ ಮೇಲೆ, ಅಂದ್ರೆ ಕಾಯಿಲ್‌ಗೆ ಹೋಗೋ ಕರೆಂಟ್ ಕಮ್ಮಿ ಮಾಡೋಕೆ ದಾರೀಲಿ ಹಾಕಿರೋ ರೆಸಿಸ್ಟರ್. ಲೆಕ್ಕ ನೋಡಿ: ಕಾಯಿಲ್ ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯೋ ಸುರುಳಿ) 1.5 ಓಮ್, ಬ್ಯಾಲಸ್ಟ್ 1.5 ಓಮ್, ಇಂಜಿನ್ ಓಡುವಾಗ 14 ವೋಲ್ಟ್ ಅಂತಿಟ್ಕೊಂಡ್ರೆ ಪಾಯಿಂಟ್ ಮುಚ್ಚಿದಾಗ ಹೆಚ್ಚಂದ್ರೆ 4.7 ಆಂಪ್ಸ್, ಕಾಯಿಲ್ ಒಳಗೆ ಶಾಖ ಆಗೋದು ಸುಮಾರು 33 ವ್ಯಾಟ್. ಯಾರೋ ಆ ಬ್ಯಾಲಸ್ಟ್ ತೆಗೆದು ನೇರ ವೈರ್ ಕೊಟ್ಟಿದ್ರೆ 9.3 ಆಂಪ್ಸ್, 130 ವ್ಯಾಟ್, ಅಂದ್ರೆ ನಾಲ್ಕು ಪಟ್ಟು! ಪಾಯಿಂಟೂ ಸುಡುತ್ತೆ, ಕಾಯಿಲೂ ಸುಡುತ್ತೆ. ಬ್ಯಾಲಸ್ಟ್ ಇಲ್ಲದ ಗಾಡಿಗೆ ಸುಮಾರು 3 ಓಮ್ ಕಾಯಿಲ್ ಬೇಕು, ಅಂಗಡಿಯವ್ರು ನೋಡೋಕೆ ಒಂದೇ ಥರ ಇರೋ 1.5 ಓಮ್‌ದು ಕೊಟ್ರೂ ಕಥೆ ಇದೇ, ಅದಕ್ಕೇ ಹಾಕೋ ಮುಂಚೆ ಓಮ್ ಅಳೀರಿ. ಚೆಕ್ ಮಾಡೋಕೆ ಇಗ್ನಿಷನ್ ಆನ್ ಮಾಡಿ, ಪಾಯಿಂಟ್ ಮುಚ್ಚಿರೋ ಹಾಗೆ ನೋಡ್ಕೊಂಡು ಕಾಯಿಲ್ ಪಾಸಿಟಿವ್‌ನಲ್ಲಿ ವೋಲ್ಟ್ ನೋಡಿ, ಬ್ಯಾಲಸ್ಟ್ ಇರೋ ಗಾಡಿಲಿ 6ರಿಂದ 8ರ ಹತ್ತಿರ ಇರ್ಬೇಕು. ಪಾಯಿಂಟ್ ತೆರೆದಿದ್ರೆ ಪೂರ್ತಿ 12 ತೋರ್ಸುತ್ತೆ, ಅದನ್ನ ನೋಡಿ ಗಾಬರಿ ಬೀಳ್ಬೇಡಿ. ಪಾಯಿಂಟ್ ಮುಚ್ಚಿದ್ರೂ 12 ಬಂದ್ರೆ ಬ್ಯಾಲಸ್ಟ್ ಬೈಪಾಸ್ ಆಗಿದೆ. ಸ್ಟಾರ್ಟ್ ಮಾಡುವಾಗ ಮಾತ್ರ ಪೂರ್ತಿ ಬ್ಯಾಟರಿ ವೋಲ್ಟೇಜ್ ಕೊಡೋಕೆ ಒಂದು ಬೈಪಾಸ್ ಕಾಂಟ್ಯಾಕ್ಟ್ ಇರುತ್ತೆ, ಅದು ಅಂಟ್ಕೊಂಡು ಕೂತ್ರೂ ಹೀಗಾಗುತ್ತೆ, ಇದನ್ನ ಬಹಳ ಜನ ನೋಡೋದೇ ಇಲ್ಲ. ಇಂಜಿನ್ ಆಫ್ ಇದ್ದು ಕೀ ಆನ್‌ನಲ್ಲೇ ಬಿಟ್ಟು ಹಾಡು ಕೇಳ್ತಾ ಕೂರೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಪಾಯಿಂಟ್ ಮುಚ್ಚಿ ನಿಂತಿದ್ರೆ ಕರೆಂಟ್ ಸುಮ್ನೆ ಹರೀತಾನೇ ಇರುತ್ತೆ.

ಇನ್ನು ಹೈ ವೋಲ್ಟೇಜ್ ಕಡೆ. ಕಾಯಿಲ್ ತಾನಾಗೇ ಇಷ್ಟೇ ವೋಲ್ಟ್ ಕೊಡ್ತೀನಿ ಅನ್ನಲ್ಲ, ಕಿಡಿ ಹಾರೋವರೆಗೂ ಏರುತ್ತೆ. ಪ್ಲಗ್ ಸವೆದು ಗ್ಯಾಪ್ ಅಗಲ ಆದಷ್ಟೂ, ಪ್ಲಗ್ ವೈರ್ ಒಳಗೆ ತುಂಡಾದಷ್ಟೂ ಇನ್ನೂ ಮೇಲಕ್ಕೆ ಏರ್ಬೇಕಾಗುತ್ತೆ, ಒಂದಿನ ಹೊರಗೆ ಹಾರೋದಕ್ಕಿಂತ ಒಳಗಿನ ಇನ್ಸುಲೇಷನ್ ತೂತು ಮಾಡೋದೇ ಸುಲಭ ಆಗುತ್ತೆ. ಅದಕ್ಕೇ ಪ್ಲಗ್ ಹಳೇದು ಕಾಯಿಲ್ ಹೊಸದು ಅನ್ನೋದು ಕೆಟ್ಟ ಜೋಡಿ. ಗ್ಯಾಪ್ ಎಷ್ಟು ಅಂತ ಗಾಡಿ ಮ್ಯಾನುಯಲ್‌ನಲ್ಲೇ ನೋಡಿ, ಫೀಲರ್ ಗೇಜ್‌ನಲ್ಲಿ ಅಳೀರಿ. ಗ್ಯಾಸ್‌ಗೆ ಕನ್ವರ್ಟ್ ಆಗಿರೋ ಗಾಡಿಗೆ ಕಿಡಿ ಹಾರ್ಸೋಕೆ ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು, ಗ್ಯಾಪ್ ಸ್ವಲ್ಪ ಕಮ್ಮಿ ಇಡೋದು ವಾಡಿಕೆ. ಲೀನ್ ಮಿಕ್ಸ್ಚರ್ (ಗಾಳಿ ಜಾಸ್ತಿ, ಇಂಧನ ಕಮ್ಮಿ), ವ್ಯಾಕ್ಯೂಮ್ ಲೀಕ್ ಇದ್ರೂ ಹಾಗೇ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿ ಪ್ಲಗ್ ವೈರ್‌ಗಳ ಮೇಲೆ ಸ್ಪ್ರೇ ಬಾಟಲಿಂದ ಸಣ್ಣಗೆ ನೀರು ಚಿಮುಕಿಸಿದ್ರೆ ಲೀಕ್ ಆಗೋ ಜಾಗದಲ್ಲಿ ನೀಲಿ ಕಿಡಿ ಕಣ್ಣಿಗೇ ಕಾಣುತ್ತೆ. ಕೈ ದೂರ ಇರ್ಲಿ, ಹತ್ತಾರು ಸಾವಿರ ವೋಲ್ಟ್ ಇರುತ್ತೆ, ಎದೆಗೆ ಪೇಸ್‌ಮೇಕರ್ ಹಾಕಿಸ್ಕೊಂಡಿರೋರು ಹತ್ತಿರಾನೇ ಬರ್ಬೇಡಿ. ಹಳೇ ಮೆಕ್ಯಾನಿಕ್‌ಗಳು ಯಾವ ಸಿಲಿಂಡರ್ ಮಿಸ್ ಅಂತ ತಿಳ್ಕೊಳ್ಳೋಕೆ ಓಡೋ ಇಂಜಿನ್‌ನಲ್ಲೇ ಪ್ಲಗ್ ವೈರ್ ಕಿತ್ತು ನೋಡ್ತಾರೆ, ದಯವಿಟ್ಟು ಬೇಡ, ಕಿಡಿಗೆ ದಾರಿ ಇಲ್ಲದೆ ಕಾಯಿಲ್ ಪೂರ್ತಿ ವೋಲ್ಟೇಜ್ ತನ್ನೊಳಗೇ ತಿನ್ಬೇಕಾಗುತ್ತೆ. ಸ್ಪಾರ್ಕ್ ಟೆಸ್ಟರ್ ತಗೊಳ್ಳಿ.

ಅರ್ಥ್ ಮತ್ತೆ ಚಾರ್ಜಿಂಗ್ ಐದು ನಿಮಿಷದ ಕೆಲಸ. ಇಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.6 ವೋಲ್ಟ್ ಇರ್ಲಿ, 15 ದಾಟಿದ್ರೆ ರೆಗ್ಯುಲೇಟರ್ ಕೆಟ್ಟಿದೆ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಇಟ್ಟು ಲೈಟ್ ಫ್ಯಾನ್ ಎಲ್ಲಾ ಹಾಕಿದಾಗ 0.2 ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಅರ್ಥ್ ಸ್ಟ್ರಾಪ್ ಬಿಚ್ಚಿ ಉಜ್ಜಿ ಬಿಗೀರಿ.

ಕೊನೇದಾಗಿ, ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದ್ಮೇಲೆ ಸಾಯೋ ಕಾಯಿಲ್. ಗಾಡಿ ನಿಂತ ತಕ್ಷಣ, ತಣ್ಣಗಾಗೋ ಮುಂಚೆ ಅದರ ಕನೆಕ್ಟರ್ ಕಿತ್ತು ಓಮ್ ಅಳೀರಿ. ತಾಮ್ರದ ರೆಸಿಸ್ಟೆನ್ಸ್ 20 ಡಿಗ್ರಿಯಿಂದ 100 ಡಿಗ್ರಿಗೆ ಹೋದಾಗ 30 ಪರ್ಸೆಂಟ್ ಮೇಲೆ ಏರೋದು ಸಹಜ, ಓಪನ್ ತೋರ್ಸಿದ್ರೆ ಒಳಗೆ ತಂತಿ ಬಿಟ್ಟಿದೆ. ಓಮ್ ಸರಿ ಇದ್ದ ಮಾತ್ರಕ್ಕೆ ಕಾಯಿಲ್ ಒಳ್ಳೇದು ಅಂತಲ್ಲ, ಇನ್ಸುಲೇಷನ್ ಒಡೆದಿರೋದು ಮೀಟರ್‌ನ ಸಣ್ಣ ವೋಲ್ಟೇಜಿಗೆ ಕಾಣಲ್ಲ. ಸೈಲೆನ್ಸರ್ ಮ್ಯಾನಿಫೋಲ್ಡ್ ಪಕ್ಕದಲ್ಲಿ ಕಾಯಿಲ್ ಇದ್ದು ಮಧ್ಯದ ಹೀಟ್ ಶೀಲ್ಡ್ ಕಳೆದುಹೋಗಿದ್ರೆ ಮೊದ್ಲು ಅದನ್ನ ಹಾಕ್ಸಿ. ಇದೆಲ್ಲಾ ಆದ್ಮೇಲೆ ಹೊಸ ಕಾಯಿಲ್, ಹೊಸ ಪ್ಲಗ್, ಬೂಟ್ ಒಳಗೆ ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ಗ್ರೀಸ್) ಒಟ್ಟಿಗೇ ಹಾಕಿ, ಹಾಕಿದ ದಿನದ ಓಮ್ ರೀಡಿಂಗ್ ಎಲ್ಲಾದ್ರೂ ಬರೆದಿಟ್ಕೊಳ್ಳಿ, ಮುಂದೆ ಅನುಮಾನ ಬಂದಾಗ ಹೋಲ್ಸಿ ನೋಡೋಕೆ ಬೇಕಾಗುತ್ತೆ.