ಮೇವು ಎಷ್ಟು ಅರಗುತ್ತೆ ಅಂತ ಲ್ಯಾಬಲ್ಲಿ ನೋಡೋದು ಹೇಗೆ

ಪುಣೆ ಸುತ್ತಮುತ್ತ ಮೇವಿನ ಲ್ಯಾಬಿಗೆ ಹೊಸದಾಗಿ ಸೇರಿರೋ ನಮ್ಮ ವಿಜಯಪುರ, ಬೆಳಗಾವಿ ಕಡೆ ಹುಡುಗ್ರಿಗೆ ಇದು. 1963ರ ಟಿಲ್ಲಿ-ಟೆರ್ರಿ ವಿಧಾನನೇ (ದನದ ಹೊಟ್ಟೇಲಿ ಮೇವು ಅರಗೋದನ್ನ ಟ್ಯೂಬಲ್ಲೇ ಮಾಡಿ ನೋಡೋ ಟೆಸ್ಟು) ಮೊದ್ಲು ಕಲೀರಿ, ಉಳಿದಿದ್ದೆಲ್ಲ ಆಮೇಲೆ ಸುಲಭ ಆಗುತ್ತೆ.

ಜೋಳದ ಕಣಿಕೆನೋ ಕಬ್ಬಿನ ಸೋಗೆನೋ, 60 ಡಿಗ್ರಿ ಒಳಗೇ ಒಣಗಿಸಿ 1 ಮಿಮೀ ಜರಡಿ ಹಾಕಿ ಪುಡಿ ಮಾಡ್ಕೊಳ್ಳಿ, ಅವಸರಕ್ಕೆ ಜಾಸ್ತಿ ಬಿಸಿ ಕೊಟ್ರೆ ಪ್ರೋಟೀನ್ ಕೆಟ್ಟು ಅರಗೋದೇ ಕಮ್ಮಿ ಅಂತ ತಪ್ಪು ಉತ್ತರ ಬರುತ್ತೆ.

ಇಡೀ ಟೆಸ್ಟಿನ ಜೀವ ಇರೋದು ರೂಮೆನ್ ರಸದಲ್ಲಿ, ಅಂದ್ರೆ ದನದ ಮೊದಲನೇ ದೊಡ್ಡ ಹೊಟ್ಟೆಯ ರಸದಲ್ಲಿ. ಹೊಟ್ಟೆಗೆ ಫಿಸ್ಟುಲಾ (ಆಪರೇಷನ್ ಮಾಡಿ ಇಟ್ಟ ತೂತು) ಹಾಕಿರೋ ದನದಿಂದ ಬೆಳಿಗ್ಗೆ ಮೇವು ಹಾಕೋಕೆ ಮುಂಚೆ ತಗೊಳ್ಳಿ, ಕಸಾಯಿಖಾನೆದು ಆದ್ರೆ ಆ ಪ್ರಾಣಿ ಏನು ತಿಂದಿತ್ತೋ, ಎಷ್ಟೊತ್ತು ಉಪವಾಸ ಇತ್ತೋ ಗೊತ್ತಾಗಲ್ಲ, ನನಗೆ ಅದು ಅಷ್ಟು ಇಷ್ಟ ಇಲ್ಲ. ಥರ್ಮಾಸಿಗೆ ಮೊದ್ಲೇ ಬಿಸಿನೀರು ಹಾಕಿಟ್ಟು, ಚೆಲ್ಲಿ, ರಸನ ಬಾಯಿತನಕ ತುಂಬಿ, ಗಾಳಿಗೆ ಜಾಗ ಬಿಡಬೇಡಿ. ಬರೀ ರಸ ಸಾಕಾಗಲ್ಲ, ಒಳಗಿನ ಮೇವನ್ನೂ ಹಿಂಡಿ, ಯಾಕಂದ್ರೆ ನಾರು ಅರಗಿಸೋ ಬ್ಯಾಕ್ಟೀರಿಯಾ ಆ ನಾರಿಗೇ ಅಂಟ್ಕೊಂಡಿರ್ತವೆ. ಡಿಸೆಂಬರ್ ಚಳೀಲಿ ಹಡಪ್ಸರ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ರಸ ಆರಿ ಹೋಗುತ್ತೆ, ಅದಕ್ಕೇ ನಸುಕಲ್ಲೇ ಹೊರಡಿ.

ಲ್ಯಾಬಿಗೆ ಬಂದ ತಕ್ಷಣ ನಾಲ್ಕು ಪದರ ಮಸ್ಲಿನ್ ಬಟ್ಟೇಲಿ ಸೋಸಿ. ಅರ್ಧ ಗ್ರಾಂ ಸ್ಯಾಂಪಲ್‌ಗೆ 40 ಎಂಎಲ್ ಬಿಸಿ ಬಫರ್ (ದನದ ಜೊಲ್ಲಿನ ಹಾಗೆ ಹುಳಿ ಏರದಂತೆ ತಡೆಯೋ ದ್ರಾವಣ), 10 ಎಂಎಲ್ ರಸ, ಮೇಲೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮುಚ್ಚಿ, ಮುಚ್ಚಳದಲ್ಲಿ ಗ್ಯಾಸ್ ಹೊರಗೆ ಹೋಗೋ ವಾಲ್ವ್ ಇರ್ಲಿ, 39 ಡಿಗ್ರೀಲಿ 48 ಗಂಟೆ ಇಟ್ಟು ಆಗಾಗ ಅಲ್ಲಾಡಿಸ್ತಾ ಇರಿ. ಆಮೇಲೆ ಆಸಿಡ್, ಪೆಪ್ಸಿನ್ (ಪ್ರೋಟೀನ್ ಅರಗಿಸೋ ಕಿಣ್ವ) ಹಾಕಿ ಇನ್ನೂ 48 ಗಂಟೆ, ಇದ್ರಿಂದ ಉಳಿದ ಪ್ರೋಟೀನೂ ಬ್ಯಾಕ್ಟೀರಿಯಾದ ಪ್ರೋಟೀನೂ ಕರಗುತ್ತೆ. ಸೋಸಿ, ಒಣಗಿಸಿ, ತೂಗಿ.

ಲೆಕ್ಕ ಹೀಗೆ: ಅರ್ಧ ಗ್ರಾಂ ಸ್ಯಾಂಪಲ್‌ನಲ್ಲಿ ತೇವ ಕಳೆದ್ರೆ ಒಣ ತೂಕ 0.45 ಗ್ರಾಂ, ಉಳಿದಿದ್ದು 0.22, ಸ್ಯಾಂಪಲ್ ಇಲ್ಲದೆ ಬರೀ ಬಫರ್, ರಸ ಹಾಕಿಟ್ಟ ಬ್ಲಾಂಕ್ ಟ್ಯೂಬಲ್ಲಿ ಉಳಿದಿದ್ದು 0.02 ಅಂದ್ಕೊಳ್ಳಿ. ಅರಗದೇ ಇರೋದು 0.20, ಅರಗಿದ್ದು 0.25, ಅಂದ್ರೆ ಶೇ. 55.6. ಬ್ಲಾಂಕ್ ಕಳೀದೇ ಬಿಟ್ರೆ ಶೇ. 51ಕ್ಕೆ ಇಳಿಯುತ್ತೆ, ಪಾಪ ರೈತನ ಒಳ್ಳೇ ಮೇವಿಗೆ ಕೆಟ್ಟ ಹೆಸರು.

ಪ್ರತಿ ಬ್ಯಾಚಲ್ಲೂ ಎಷ್ಟು ಅರಗುತ್ತೆ ಅಂತ ಮೊದ್ಲೇ ಗೊತ್ತಿರೋ ಸ್ಟ್ಯಾಂಡರ್ಡ್ ಮೇವೊಂದು ಇಡಿ. ಅದರ ನಂಬರ್ ಆಚೀಚೆ ಆದ್ರೆ ಇಡೀ ಬ್ಯಾಚ್ ಬಿಸಾಕಿ, ಹೊಸ ರಸ ತಂದು ಮತ್ತೆ ಹಾಕಿ.